ಬಾಯಿಬಿಡದ ಅಕ್ಷರ

ಅಂಗಿ ಉದ್ದವಾಗಿಬಿಟ್ಟಿದೆ ಎಂದು ಶಶಿಪ್ರಭಾಳಿಗೆ ಟೈಲರ್ ಅಂಗಡಿಯ ಮೆಟ್ಟಿಲು ಇಳಿಯುವಾಗಲೇ ಅನಿಸಿತು. ಹಿಂದೆ ತಿರುಗಿ ಹೇಳಬಹುದಿತ್ತು. ಜಮಾಲುದ್ದೀನ್ ಸಾಹೇಬರು ಇನ್ನೂ ಮೇಜಿನ ಹಿಂದೆ ನಿಂತು, ತುಟಿಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕುತ್ತಿದ್ದರು. ಆದರೆ ಹೇಳುವುದಾದರೂ ಏನನ್ನು? ಉದ್ದ ಮಾಡಿ ಎಂದವಳು ಅವಳೇ, ಅದೂ ಎರಡೆರಡು ಸಲ. ಸಾಹೇಬರದು ಒಂದು ಕ್ರಮವಿದೆ, ಮಣ್ಣಗುಡ್ಡದ ಹೆಂಗಸರಿಗೆಲ್ಲ ಅದು ಗೊತ್ತು. ಕತ್ತರಿ ಹಾಕುವ ಮೊದಲು ಗಿರಾಕಿ ತನ್ನ ಬಾಯಿಯಿಂದಲೇ ಅಳತೆ ಹೇಳಬೇಕು. ಟೇಪು ಹಿಡಿದು ಅಳೆದದ್ದು ಸಾಲದು, ಕೈಸನ್ನೆ ನಡೆಯುವುದಿಲ್ಲ, ತಲೆಯಾಡಿಸಿದರಂತೂ ಅವರು ಕೇಳಿಸಲಿಲ್ಲ ಎಂಬಂತೆ ಬೀದಿಯ ಕಡೆ ನೋಡುತ್ತಾರೆ. ಯಾವುದೋ ಕಾಲದಲ್ಲಿ ಯಾರೋ ಒಬ್ಬಳು ರವಿಕೆ ಬಿಗಿಯಾಯಿತೆಂದು ‘ನಾನು ಹಾಗೆ ಹೇಳಲೇ ಇಲ್ಲ’ ಎಂದು ನಡುಬೀದಿಯಲ್ಲಿ ಜಗಳ ತೆಗೆದಿದ್ದಳಂತೆ. ಅಂದಿನಿಂದ ಸಾಹೇಬರು ಹಟಕ್ಕೆ ಬಿದ್ದು ಮಾಡಿಕೊಂಡ ಕಾನೂನು ಅದು. ಕಳೆದ ವಾರ ಅವಳು ಮಗಳ ಡ್ಯಾನ್ಸ್ ಕ್ಲಾಸಿನಿಂದ ಒಂದು ದಿನದ ಮಟ್ಟಿಗೆ ತಂದಿದ್ದ ಮಾದರಿ ಅಂಗಿಯನ್ನು ಮೇಜಿನ ಮೇಲೆ ಹರಡಿದಾಗಲೂ ಅದೇ ಆಯಿತು.

‘ಬಾಯಿಬಿಟ್ಟು ಹೇಳಿ ಅಕ್ಕ, ಎಲ್ಲಿಗೆ ಬರಬೇಕು?’

‘ಮೊಣಕಾಲಿಂದ ನಾಲ್ಕು ಬೆರಳು ಕೆಳಗೆ.’

‘ಇದೆಂತ ಅಕ್ಕ? ಮಾದರಿ ಮೊಣಕಾಲಿಂದ ಒಂದು ಗೇಣು ಮೇಲೆ ಉಂಟು. ನೀವು ಕೆಳಗೆ ಹೇಳ್ತೀರಿ.’

‘ಕೆಳಗೆಯೇ. ಕೈಯೂ ಇಡಿ, ಮೊಣಕೈವರೆಗೆ.’

‘ಈ ನೆಟ್ಟಿಗೆ ಕೈಯಾ? ಕ್ರಿಶ್ಚನ್ ಬಾಯಿಗಳ ಮದುಮಗಳು ತಲೆಗೆ ಹಾಕುವ ನೆಟ್ಟು ಇದು, ಕಾಲಿಗೆ ಹಾಕಿದ್ರೆ ಸುತ್ತಿಕೊಳ್ತದೆ. ಮತ್ತೆ ಜಮಾಲುದ್ದೀನ್ ಹಾಳು ಮಾಡಿದ ಅಂತ ಹೇಳ್ಬಾರ್ದು.’

‘ಹೇಳುವುದಿಲ್ಲ ಮಾರಾಯ್ರೆ, ನೀವು ಹೊಲೀರಿ.’

ನೆಟ್ ಬಟ್ಟೆಗೆ ತೂಕವಿಲ್ಲ. ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣ ಕಂಕುಳಲ್ಲಿ ಇದ್ದೂ ಇಲ್ಲದ ಹಾಗಿತ್ತು. ಆದರೂ ಅವಳು ಅದನ್ನು ಮತ್ತೆ ಮತ್ತೆ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಬದಲಾಯಿಸುತ್ತ ನಡೆದಳು. ಹೆಂಚಿನ ಕಾರ್ಖಾನೆಯ ಲಾರಿಯೊಂದು ಕೆಂಪು ಧೂಳೆಬ್ಬಿಸಿ ಹೋಯಿತು. ಸೀರೆಯ ಸೆರಗನ್ನು ಮೂಗಿಗೆ ಹಿಡಿದು ನಿಂತವಳಿಗೆ, ಇಲ್ಲಿಂದಲೇ ಬಸ್ಸು ಹತ್ತಿ ಶಕ್ತಿನಗರದ ಮನೆಗೆ ಹೋಗಿಬಿಟ್ಟರೆ ಹೇಗೆ ಎಂಬ ಯೋಚನೆ ಬಂತು. ಅಂಗಿ ಆಗಲಿಲ್ಲ ಎಂದರಾಯಿತು. ಜ್ವರ ಎಂದರಾಯಿತು. ಆದರೆ ಮಗಳು ಸ್ವರ್ಣಾ ಶಾಲೆಯಿಂದ ನೇರ ಕ್ಲಾಸಿಗೆ ಹೋಗಿರುತ್ತಾಳೆ. ನಾಳೆ ಸಂಜೆ ಪ್ರದರ್ಶನ, ಇವತ್ತು ಎಲ್ಲ ಮಕ್ಕಳೂ ಅಂಗಿ ಹಾಕಿಯೇ ಅಭ್ಯಾಸ ಮಾಡಬೇಕು, ತಾಯಂದಿರೂ ಬರಬೇಕು. ಹನ್ನೊಂದು ಹುಡುಗಿಯರ ನಡುವೆ ಎಲ್ಲರ ಮುಂದೆ ಒಬ್ಬಳೇ ನಿಲ್ಲುವವಳು ಸ್ವರ್ಣಾ. ಬಿಳಿ ಹಕ್ಕಿಗಳ ಹಿಂಡಿನಲ್ಲಿ ದಾರಿ ತೋರಿಸುವ ಹಕ್ಕಿ ಅವಳಂತೆ. ಇದನ್ನು ಮಗಳು ಹೇಳಿದ ದಿನ ಶಶಿಪ್ರಭಾಳಿಗೆ ಕಣ್ಣಲ್ಲಿ ನೀರು ಬಂದಿತ್ತು, ಮರುಕ್ಷಣವೇ ಅಂಗಿ ಎಷ್ಟು ಉದ್ದ ಎಂದು ಕೇಳಿದ್ದಳು. ಹಿಂದೆ ನಿಂತರೆ ಯಾರೂ ನೋಡುವುದಿಲ್ಲ. ಮುಂದೆ ನಿಂತರೆ ಕಾಲೇ ಮೊದಲು ಕಾಣುವುದು.

ಕಾಲು ಕಂಡರೆ ಯಾರಿಗೆ ಏನು ಎಂದು ಗಂಡ ತಾರಾನಾಥ ಆಳ್ವರು ಕೇಳಿಯಾರು. ಕೇಳುವಷ್ಟು ಪುರುಸೊತ್ತು ಇದ್ದರೆ. ಬಸ್‌ಸ್ಟ್ಯಾಂಡಿನ ಬಳಿಯ ಹೋಟೆಲಿನಲ್ಲೇ ಅವರ ಲೋಕ. ಮಗಳ ವಿಷಯ ಎತ್ತಿದರೆ ‘ನಿನಗೆ ಸರಿ ಕಂಡ ಹಾಗೆ ಮಾಡು’ ಎನ್ನುತ್ತಾರೆ. ಹಾಗೆ ಹೇಳಿ ತಪ್ಪಿನ ಪಾಲನ್ನೂ ಪೂರ್ತಿ ಅವಳಿಗೇ ಬಿಟ್ಟುಬಿಡುತ್ತಾರೆ. ಇರುವುದು ಅಮ್ಮನ ಭಯ, ಅಣ್ಣ ಚಿತ್ತರಂಜನನ ಭಯ. ಅಮ್ಮ, ಅಪ್ಪಿ ಶೆಡ್ತಿ, ಇವಳ ಮನೆಯಲ್ಲೇ ಇದ್ದಾರೆ. ನಾಳೆ ಅಣ್ಣ ಕಾರು ತಂದು ಅವರನ್ನು ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸುತ್ತಾನೆ. ಅವಳ ಮಾತು ನಂಬಿ ಅವರೆಲ್ಲ ನೋಡಲು ಬರುವುದು ಪುರಾಣದ ಕಥೆಯನ್ನು. ನಿನ್ನೆ ರಾತ್ರಿ ಊಟಕ್ಕೆ ಕೂತಾಗಲೂ ಅಮ್ಮನದು ಅದೇ ವಿಚಾರಣೆ. ತುಳುವಿನಲ್ಲಿ ಬಾಲೆ ಎಂದರೆ ಮಗು. ಮೊಮ್ಮಗಳಿಗೂ ಅಮ್ಮ ಹೇಳುವುದು ಬಾಲೆ ಎಂದೇ, ಅವಳು ಕಲಿಯುವ ‘ಬ್ಯಾಲೆ’ಗೂ ಬಾಲೆ ಎಂದೇ. ಬಾಲೆ ಬಾಲೆ ಕಲೀಲಿಕ್ಕೆ ಹೋಗಿದ್ದಾಳೆ ಎಂದು ನೆರೆಮನೆಯವರಿಗೆ ಹೇಳಿ ತಾವೇ ನಗುತ್ತಾರೆ.

‘ನಾಡಿದ್ದು ಬಾಲೆಗೆ ಯಾವ ವೇಷ?’

‘ಹಂಸ ಅಮ್ಮ.’

‘ರಾಣಿ ಅಲ್ವಾ?’

‘ರಾಣಿಗೆ ಸುದ್ದಿ ತರುವ ಹಂಸ. ಅದೇ ದೊಡ್ಡ ಪಾತ್ರ.’

‘ಮಾತು ಉಂಟಾ?’

‘ಉಂಟು,’ ಎಂದಿದ್ದಳು ಶಶಿಪ್ರಭಾ, ಅನ್ನದ ಮೇಲೆ ಸಾರು ಬಡಿಸುತ್ತ. ಬೆಳಗಾಗುವತನಕ ಯಕ್ಷಗಾನದ ಆಟ ನೋಡಿ ಬೆಳೆದ ಅಮ್ಮನಿಗೆ ಮಾತಿಲ್ಲದ ವೇಷ ಎಂದರೆ ಅರ್ಧ ವೇಷ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ದಿಗಿಲಾಯಿತು. ಒಂದು ಸುಳ್ಳಿಗೆ ಕೂರಲು ಜಾಗ ಕೊಟ್ಟರೆ ಅದು ತನ್ನ ನೆಂಟರನ್ನೆಲ್ಲ ಕರೆತರುತ್ತದೆ. ಗೆಜ್ಜೆಯ ಸದ್ದು ಯಾಕೆ ಕೇಳಿಸುವುದಿಲ್ಲ ಎಂದಾಗ ಗೆಜ್ಜೆ ಕಟ್ಟುವುದು ಕಲಿತು ಮುಗಿದ ಮೇಲೆ ಎಂದಿದ್ದಳು. ಸ್ವರ್ಣಾ ಅಡಿಗೆಮನೆಯ ಕಿಟಕಿಯ ಸರಳು ಹಿಡಿದು, ಹಿಮ್ಮಡಿ ಜೋಡಿಸಿ, ಮೊಣಕಾಲು ಮಡಚಿ ಮೇಲೆ ಕೆಳಗೆ ಆಗುತ್ತ ‘ಪ್ಲಿಯೆ, ಪ್ಲಿಯೆ’ ಎಂದು ಹೇಳಿಕೊಂಡದ್ದು ಅಮ್ಮನ ಕಿವಿಗೆ ಪಿಲಿ ಎಂದು ಬಿದ್ದಿತ್ತು. ಪಿಲಿ ಎಂದರೆ ಹುಲಿ. ‘ಹೆಣ್ಣುಮಕ್ಕಳಿಗೆ ಪಿಲಿವೇಷ ಕಲಿಸ್ತಾಳಾ ಆ ಬಾಯಿ?’ ಎಂದು ಅಮ್ಮ ಗಾಬರಿಯಾದಾಗ ಸ್ವರ್ಣಾ ನೆಲದಲ್ಲಿ ಹೊರಳಾಡಿ ನಕ್ಕಳು. ಎಲ್ಲರಿಗಿಂತ ಹೆಚ್ಚು ನಕ್ಕವಳು ಶಶಿಪ್ರಭಾ. ನಗುತ್ತಿದ್ದಷ್ಟು ಹೊತ್ತು ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

ಬಿಡಿಸಿ ಹೇಳುವುದಾದರೆ ಎಲ್ಲಿಂದ ಶುರುಮಾಡಬೇಕು? ಮದುವೆಯಾದ ಹೊಸತರಲ್ಲಿ, ಎಪ್ಪತ್ತೊಂದೋ ಎಪ್ಪತ್ತೆರಡೋ, ಬೊಂಬಾಯಿಯ ತಂಡವೊಂದು ಪುರಾಣದ ನೃತ್ಯರೂಪಕ ಆಡಲು ಪುರಭವನಕ್ಕೆ ಬಂದಿತ್ತು. ಗುಲಾಬಿ ಬಣ್ಣದ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ‘ಬ್ಯಾಲೆ’ ಎಂದು ಅಚ್ಚಾಗಿತ್ತು. ನೀಲಿ ಬೆಳಕಿನಲ್ಲಿ ಒಬ್ಬ ರಾಣಿ ಮೆಟ್ಟಿಲಿಳಿದು ಬಂದಳು. ಅವಳ ಕಾಲಿನ ಗೆಜ್ಜೆ ಒಂದು ಮೆಟ್ಟಿಲಿಗೆ ಒಂದು ಸಲ ಮಾತ್ರ ಉಲಿಯುತ್ತಿತ್ತು. ಶಶಿಪ್ರಭಾ ಪಕ್ಕದಲ್ಲಿದ್ದ ಗಂಡನನ್ನು ಮರೆತು ಕುರ್ಚಿಯ ಅಂಚಿಗೆ ಬಂದು ಕುಳಿತಿದ್ದಳು. ಹತ್ತು ವರ್ಷ ಆ ಮೆಟ್ಟಿಲು ಅವಳೊಳಗೆ ಹಾಗೆಯೇ ಇತ್ತು. ಆಮೇಲೆ ಒಂದು ದಿನ ಕಾನ್ವೆಂಟಿನ ಗೇಟಿನ ಬಳಿ, ಮಗಳ ಗೆಳತಿ ಆನಿಯ ತಾಯಿ ರೊಸಾಲಿನ್ ಬಾಯಿ, ಮಣ್ಣಗುಡ್ಡದಲ್ಲಿ ಒಬ್ಬರು ಬ್ಯಾಲೆ ಕಲಿಸುತ್ತಾರೆ ಎಂದು ಹೇಳಿದ್ದೇ ತಡ, ಶಶಿಪ್ರಭಾ ಮರುದಿನವೇ ಮಗಳನ್ನು ಹೊರಡಿಸಿದ್ದಳು. ಚೀಲದಲ್ಲಿ ಸಿಪ್ಪೆ ಸುಲಿದ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಒಂದು ಮೊಳ ಮಲ್ಲಿಗೆ, ಎಲ್ಲದರ ಅಡಿಯಲ್ಲಿ ಹೊಸ ಗೆಜ್ಜೆ. ಗುರುಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ?

ಗುರುಗಳು ಬಾಗಿಲು ತೆರೆದರು. ಕತ್ತಿನವರೆಗೆ ಕತ್ತರಿಸಿದ ನರೆಗೂದಲು, ಕಪ್ಪು ಪ್ಯಾಂಟು, ಉಪವಾಸ ಮಾಡಿದವರಂತಹ ತೆಳ್ಳಗಿನ ಮೈ. ಕ್ರಿಸ್ಟಿನ್ ಮಿಸ್ ಹುಟ್ಟಿದ್ದು, ಕಲಿತದ್ದು ನೈರೋಬಿಯಲ್ಲಿ. ಅಪ್ಪ ಅಲ್ಲಿ ರೈಲ್ವೆಯಲ್ಲಿದ್ದವರು. ಅಲ್ಲಿಂದ ಕೊಂಕಣಿಯ ಜೊತೆ ಇಂಗ್ಲಿಷನ್ನು ತಂದಿದ್ದರು, ಕನ್ನಡವನ್ನು ಇಲ್ಲಿ ಮೀನಿನ ಮಾರುಕಟ್ಟೆಯಲ್ಲಿ ಕಲಿತಿದ್ದರು. ಕೆಂಪು ನೆಲದ ಉದ್ದನೆಯ ಚಾವಡಿ, ಗೋಡೆಯುದ್ದಕ್ಕೂ ಸೊಂಟದ ಎತ್ತರಕ್ಕೆ ಹೊಡೆದ ನೀರಿನ ಪೈಪು, ಅದನ್ನು ಹಿಡಿದು ಬರಿಗಾಲಲ್ಲೂ ಅಲ್ಲ, ಚಪ್ಪಲಿಯಲ್ಲೂ ಅಲ್ಲ, ಬಟ್ಟೆಯ ಬೂಟಿನಲ್ಲಿ ನಿಂತ ಹುಡುಗಿಯರು. ದೇವರ ಪಟವಿಲ್ಲ, ತಾಳವಿಲ್ಲ. ಟೇಪ್‌ರೆಕಾರ್ಡರಿನಿಂದ ಪಿಯಾನೊ ಕೇಳಿಸುತ್ತಿತ್ತು. ಮಿಸ್ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಸಂತೋಷದಿಂದ ‘ಓ, ಮೀನಿನ ಸಾರಿಗೆ!’ ಎಂದರು. ಶಶಿಪ್ರಭಾ ಚೀಲವನ್ನು ಸರಿಸಿಕೊಂಡಳು, ಗೆಜ್ಜೆ ಝಲ್ ಎಂದಿತು. ಹುಡುಗಿಯರೆಲ್ಲ ತಿರುಗಿ ನೋಡಿದರು. ‘ಬೀಗದ ಕೈ,’ ಎಂದಳು ಅವಳು. ಅಲ್ಲಿಂದ ಮಗಳ ಕೈ ಹಿಡಿದು ಹೊರಟು ಬರಬಹುದಿತ್ತು. ಆದರೆ ಬೆಂಚಿನ ಮೇಲೆ ರೊಸಾಲಿನ್ ಬಾಯಿ ಮತ್ತು ಬೇರೆ ತಾಯಂದಿರು ಕುಳಿತಿದ್ದರು. ನನಗೆ ಬೇಕಾದದ್ದು ಇದಲ್ಲ, ನಾನು ತಿಳಿದದ್ದೇ ಬೇರೆ ಎಂದು ಅವರ ಮುಂದೆ ಹೇಳುವುದಕ್ಕಿಂತ ಮಗಳನ್ನು ಸೇರಿಸಿಬಿಡುವುದು ಸುಲಭವಾಗಿ ಕಂಡಿತು. ಸೇರಿಸಿದಳು. ನನಗೆ ಮೊದಲಿನಿಂದಲೂ ಇದರಲ್ಲಿ ಆಸೆ ಎಂದೂ ಹೇಳಿದಳು. ಗೆಜ್ಜೆ ಕಪಾಟಿನ ಅಡಿ ಸೇರಿತು.

ಇದಕ್ಕಿಂತ ಸಣ್ಣದಾದ ಇನ್ನೊಂದು ಸಂಗತಿ ಇತ್ತು. ನೆನಪಾದಾಗಲೆಲ್ಲ ಅದು ಹೆಚ್ಚು ಉರಿಯುತ್ತಿತ್ತು. ಮಿಸ್ಸಿನ ಮನೆಯ ಗೇಟಿಗೆ ಒಂದು ಹಲಗೆ ತೂಗಿತ್ತು, ಇಂಗ್ಲಿಷಿನಲ್ಲಿ. ಬ್ಯಾಲೆಯ ಕೊನೆಗೆ ಟಿ ಅಕ್ಷರ ಇತ್ತು. ಕರಪತ್ರದ ಕನ್ನಡವನ್ನು ಓದಿ ಸರಿಯಾಗಿಯೇ ‘ಬ್ಯಾಲೆ’ ಎನ್ನುತ್ತಿದ್ದ ಶಶಿಪ್ರಭಾ, ಇಷ್ಟು ದಿನ ತಾನು ಹಳ್ಳಿಯವಳ ಹಾಗೆ ಅಕ್ಷರ ನುಂಗಿ ಮಾತಾಡಿದೆ ಎಂದು ನಾಚಿ, ತಾಯಂದಿರ ಮೀಟಿಂಗಿನಲ್ಲಿ ಎದ್ದು ನಿಂತು, ಮಕ್ಕಳಿಗೆ ‘ಬ್ಯಾಲೆಟ್’ ಇದ್ದ ದಿನ ಶಾಲೆಯಿಂದ ಬೇಗ ಬಿಡಿಸಬಹುದೇ ಎಂದು ಕೇಳಿದಳು. ಟಿಯನ್ನು ಸ್ವಲ್ಪ ಒತ್ತಿಯೇ ಹೇಳಿದಳು. ಯಾರೂ ನಗಲಿಲ್ಲ. ನಗದೆ ಇದ್ದದ್ದೇ ಹೆಚ್ಚು ಕೇಳಿಸಿತು. ಸ್ವರ್ಣಾ ಅವಳ ಸೆರಗು ಜಗ್ಗಿ, ಕುತ್ತಿಗೆಯವರೆಗೆ ಕೆಂಪಾಗಿ, ‘ಟಿ ಸೈಲೆಂಟ್ ಅಮ್ಮಾ,’ ಎಂದು ಪಿಸುಗುಟ್ಟಿದಳು. ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವಳು ಶಶಿಪ್ರಭಾ. ಬರೆದದ್ದನ್ನೆಲ್ಲ ಓದಬೇಕು, ಓದದ್ದನ್ನು ಬರೆಯಬಾರದು ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು. ಎಲ್ಲರ ಜೊತೆ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಬಾಯಿಬಿಡದ ಅಕ್ಷರ ಎಂಥದು? ಅಂದಿನಿಂದ ಅವಳು ಆ ಮಾತನ್ನೇ ಬಿಟ್ಟಳು. ‘ಕ್ಲಾಸು’ ಎನ್ನುತ್ತಾಳೆ. ‘ಮಿಸ್ಸಿನಲ್ಲಿಗೆ’ ಎನ್ನುತ್ತಾಳೆ.

ಇವತ್ತೂ ಗೇಟಿನ ಹಲಗೆಯನ್ನು ನೋಡದೆ ಒಳಗೆ ಹೋದಳು. ಚಾವಡಿಯ ತುಂಬ ಬಿಳಿ ನೆಟ್ಟು. ಹುಡುಗಿಯರು ಕೆಂಪು ನೆಲದ ಮೇಲೆ ಅಲ್ಲಲ್ಲಿ ಕುಳಿತು ಬೂಟಿನ ರಿಬ್ಬನ್ನು ಕಟ್ಟಿಕೊಳ್ಳುತ್ತಿದ್ದರು. ಮೊಣಕಾಲಿನ ಮೇಲೆ ಅಂಗಿ ಗರಿಗರಿಯಾಗಿ ಎದ್ದು ನಿಂತಿತ್ತು. ನೋಡಿದರೆ ಕೆಟ್ಟದ್ದೆಂದು ಅನಿಸಲೇ ಇಲ್ಲ, ಅದೇ ಅವಳನ್ನು ಹೆಚ್ಚು ಕಾಡಿತು. ಸ್ವರ್ಣಾ ಓಡಿ ಬಂದು ಪೊಟ್ಟಣ ಕಸಿದುಕೊಂಡು ಒಳಕೋಣೆಗೆ ಹೋದಳು. ಬೆಂಚಿನಲ್ಲಿ ರೊಸಾಲಿನ್ ಬಾಯಿ ಸರಿದು ಜಾಗ ಮಾಡಿಕೊಟ್ಟರು. ಅವರ ಗಂಡ ಸಿಪ್ರಿಯನ್ ಕುವೈಟಿನಲ್ಲಿ. ಮಿಸ್ಸಿನ ಟೇಪ್‌ರೆಕಾರ್ಡರ್ ಅವರೇ ತಂದುಕೊಟ್ಟದ್ದು. ಒಳ್ಳೆಯ ಹೆಂಗಸು. ಆ ಒಳ್ಳೆಯತನದ ಎದುರು ಕುಳಿತಾಗಲೆಲ್ಲ ಶಶಿಪ್ರಭಾಳಿಗೆ ತಾನು ಯಾವುದೋ ಪರೀಕ್ಷೆಗೆ ಕುಳಿತ ಹಾಗಾಗುತ್ತಿತ್ತು.

‘ಮಿಸಸ್ ಆಳ್ವ, ಹೊಲಿದು ಆಯ್ತಾ? ಎಂತ ಗಡಿಬಿಡಿ ಅಲ್ವಾ? ನನಗೆ ತಂಗಿಯ ಮದುವೆದೂ ಉಂಟು. ಗೌನು, ವೇಲು, ಫ್ಲವರ್‌ಗರ್ಲ್‌ಗಳದ್ದು, ಎಲ್ಲ ನಿನ್ನೆ ನಿಮ್ಮ ಜಮಾಲುದ್ದೀನಿಗೇ ಕೊಟ್ಟೆ. ನೀವೇ ಹೇಳಿದ್ದಲ್ವಾ ಅವ ಒಳ್ಳೆದು ಅಂತ.’

‘ಹೌದು, ಒಳ್ಳೆದು ಹೊಲಿತಾರೆ,’ ಎಂದಳು ಶಶಿಪ್ರಭಾ. ಕಣ್ಣು ಒಳಕೋಣೆಯ ಪರದೆಯ ಮೇಲಿತ್ತು. ಬೇಗ ಬರಬಾರದೇ ಎಂದುಕೊಂಡಳು. ಬಾರದೇ ಇರಬಾರದೇ ಎಂದೂ ಅನಿಸಿತು.

ಸ್ವರ್ಣಾ ಕೊನೆಯವಳಾಗಿ ಹೊರಗೆ ಬಂದಳು. ಮೊಣಕಾಲು ಮುಚ್ಚಿ ಇನ್ನೂ ನಾಲ್ಕು ಬೆರಳು ಇಳಿದ ಅಂಗಿ ಅವಳ ಕಾಲಿಗೆ ತಾಗಿ ಸರಸರ ಎನ್ನುತ್ತಿತ್ತು. ತೋಳಿನ ನೆಟ್ಟು ಚುಚ್ಚುತ್ತಿರಬೇಕು, ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡಿದ್ದಳು. ಅವಳು ತಾಯಿಯ ಕಡೆ ನೋಡಲಿಲ್ಲ. ಹುಡುಗಿಯರಲ್ಲಿ ಯಾರೋ ‘ನೈಟಿ’ ಎಂದಳು. ನಗು ಪೈಪಿನುದ್ದಕ್ಕೂ ಹರಿದು ಬಂತು. ಕ್ರಿಸ್ಟಿನ್ ಮಿಸ್ ಕೈತಟ್ಟಿ ಸುಮ್ಮನಾಗಿಸಿದರು, ಟೇಪು ಹಚ್ಚಿದರು. ಸ್ವರ್ಣಾ ಮುಂದೆ ಬಂದು ನಿಂತಳು. ಅವಳ ಬೆನ್ನು ನೆಟ್ಟಗಾದ ರೀತಿಯನ್ನು ಶಶಿಪ್ರಭಾ ಈ ಮೊದಲು ಹೀಗೆ ಎದುರಿನಿಂದ ನೋಡಿರಲಿಲ್ಲ. ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಓರೆಗಣ್ಣಿನಲ್ಲಿ ನೋಡಿದ್ದಷ್ಟೆ. ನೀಲಿ ಬೆಳಕಿಲ್ಲ, ಮೆಟ್ಟಿಲಿಲ್ಲ, ಗೆಜ್ಜೆಯಿಲ್ಲ. ಆದರೂ ಆ ರಾಣಿ ಇಳಿದು ಬಂದ ಹಾಗೆಯೇ ಇವಳು ಒಂದೊಂದು ಹೆಜ್ಜೆಯನ್ನೂ ನೆಲದ ಒಪ್ಪಿಗೆ ಕೇಳಿ ಇಟ್ಟ ಹಾಗೆ ಇಟ್ಟಳು. ಇದು ಅದೇ ಅಲ್ಲವೇ ಎಂದು ಶಶಿಪ್ರಭಾಳಿಗೆ ಒಮ್ಮೆಲೇ ಅನಿಸಿತು. ತಾನು ಬಯಸಿದ್ದು ಇದನ್ನೇ ಅಲ್ಲವೇ? ಅವಳು ಮತ್ತೆ ಬೆಂಚಿನ ಅಂಚಿಗೆ ಬಂದು ಕುಳಿತಳು. ಅಷ್ಟರಲ್ಲಿ ಸ್ವರ್ಣಾ ಕಾಲನ್ನು ಹಿಂದಕ್ಕೆ ಚಾಚಿ ಮೇಲೆತ್ತಿದಳು, ಎತ್ತಿದ ಕಾಲು ನೆಟ್ಟಿನೊಳಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಹೋಗಿ ಹುಡುಗಿ ಮೊಣಕಾಲೂರಿ ಬಿದ್ದಳು.

ಮಿಸ್ ಟೇಪು ನಿಲ್ಲಿಸಿದರು. ಅವರು ಸಿಡುಕಲಿಲ್ಲ, ಬೇಸರದಿಂದ ಹೇಳಿದರು. ಈ ಅಂಗಿಯಲ್ಲಿ ಸ್ವರ್ಣಾ ಮುಂದೆ ನಿಲ್ಲುವಂತಿಲ್ಲ. ನಾಳೆಗೆ ಸರಿಯಾದರೆ ಸರಿ, ಇಲ್ಲವಾದರೆ ಅವಳು ಹಿಂದಿನ ಸಾಲಿಗೆ, ಅವಳ ಜಾಗಕ್ಕೆ ಆನಿ. ಆಮೇಲೆ ತಾಯಂದಿರ ಬೆಂಚಿನ ಕಡೆ ತಿರುಗಿ, ಇದು ಯಾಕೆ ಹೀಗಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಶ್ನೆ ಶಶಿಪ್ರಭಾಳಿಗೆ ಅರ್ಥವಾಯಿತು. ಉತ್ತರವೂ ಬರುತ್ತಿತ್ತು, ಎರಡೇ ಮಾತು ಸಾಕಿತ್ತು, ಅಷ್ಟು ಇಂಗ್ಲಿಷ್ ಅವಳಲ್ಲಿ ಇತ್ತು. ಆದರೆ ನಾನೇ ಹೇಳಿದ್ದು ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಅಮ್ಮ, ಅಣ್ಣ, ಹಂಸ, ಕರಪತ್ರ, ಗೆಜ್ಜೆ, ಒಂದರ ಬಾಲ ಹಿಡಿದು ಇನ್ನೊಂದು ಹೊರಗೆ ಬರುತ್ತದೆ. ನಾಲಗೆ ಅಂಗುಳಿಗೆ ತಾಗಿ ಅಲ್ಲೇ ನಿಂತಿತು.

‘ಟೈಲರಿನ ತಪ್ಪು ಮಿಸ್,’ ಎಂದಳು ಸ್ವರ್ಣಾ. ಮೊಣಕಾಲಿನ ಧೂಳು ಒರೆಸಿಕೊಳ್ಳುತ್ತ, ಇಂಗ್ಲಿಷಿನಲ್ಲಿ, ಒಂದು ಚೂರೂ ತಡವರಿಸದೆ ಹೇಳಿದಳು. ‘ಅಮ್ಮ ಸರಿಯಾಗಿಯೇ ಹೇಳಿದ್ದರು. ಅವನೇ ತಪ್ಪು ಕತ್ತರಿಸಿದ.’

ಶಶಿಪ್ರಭಾಳಿಗೆ ಮೊದಲು ಆದದ್ದು ಸಮಾಧಾನ. ಇದನ್ನು ಅವಳು ಆಮೇಲೆ ತನ್ನಿಂದ ಮುಚ್ಚಿಡಲು ಎಷ್ಟು ಒದ್ದಾಡಿದರೂ ಆಗಲಿಲ್ಲ. ಹತ್ತು ವರ್ಷದ ಮಗಳು ಸುಳ್ಳು ಹೇಳಿ ತನ್ನ ಮಾನ ಉಳಿಸಿದಾಗ, ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಫ್ಯಾನು ಹಾಕಿದ ಹಾಗೆ ಮೈಯೆಲ್ಲ ತಣ್ಣಗಾಯಿತು. ‘ಯಾವ ಟೈಲರು? ನಮ್ಮ ಅವನಾ?’ ಎಂದು ರೊಸಾಲಿನ್ ಬಾಯಿ ಕೇಳಿದಾಗಲೂ ಅವಳು ತಲೆಯಾಡಿಸಿದಳು. ಹೌದು ಎಂಬಂತೆಯೂ ಅಲ್ಲ, ಅಲ್ಲ ಎಂಬಂತೆಯೂ ಅಲ್ಲ. ‘ಅಯ್ಯೋ ದೇವಾ ಸಾಯ್ಬಾ, ಇದೇ ನೆಟ್ಟು ಅಲ್ವಾ ವೇಲಿಗೆ ಕೊಟ್ಟದ್ದು! ಇವತ್ತು ಕತ್ತರಿಸ್ತೇನೆ ಅಂದಿದ್ದಾನೆ. ಮದುವೆಗೆ ಹದಿನೈದು ದಿನ ಇಲ್ಲ ನನಗೆ.’ ರೊಸಾಲಿನ್ ಬಾಯಿ ಎದ್ದೇಬಿಟ್ಟರು. ಆನಿಯನ್ನು ಮಿಸ್ಸಿನ ಬಳಿ ಬಿಟ್ಟು, ಚೀಲ ಹೆಗಲಿಗೆ ಹಾಕಿ ಹೊರಟರು, ಗೇಟಿನಾಚೆ ಅವರು ಆಟೋ ಕೂಗುವುದು ಕೇಳಿಸಿತು. ಉಳಿದ ತಾಯಂದಿರಲ್ಲಿ ಒಬ್ಬಳು ಇನ್ನೊಬ್ಬಳಿಗೆ, ಆ ಬ್ಯಾರಿ ಟೈಲರಿನ ಹತ್ತಿರ ಏನೂ ಕೊಡಬಾರದು ಎಂದಳು. ಹೇಳುವುದಿಲ್ಲ ಮಾರಾಯ್ರೆ, ನೀವು ಹೊಲೀರಿ. ತನ್ನದೇ ದನಿ ಶಶಿಪ್ರಭಾಳ ಕಿವಿಯೊಳಗೆ ಬಂದು ಕುಳಿತಿತು. ತಣ್ಣಗಾಗಿದ್ದ ಮೈ ಈಗ ಬೆವರತೊಡಗಿತು.

ತಾಯಿ ಮಗಳು ಇಬ್ಬರೂ ರಸ್ತೆಗೆ ಬಂದರು. ಶಾಲೆಯ ಯೂನಿಫಾರ್ಮ್ ಹಾಕಿಕೊಂಡಿದ್ದ ಸ್ವರ್ಣಾ ಅಂಗಿಯನ್ನು ಪೇಪರಿಲ್ಲದೆ ಹಾಗೆಯೇ ತೋಳಿನ ಮೇಲೆ ಹಾಕಿಕೊಂಡು ಮುಂದೆ ಮುಂದೆ ನಡೆಯುತ್ತಿದ್ದಳು. ಮಗಳ ಹೆಜ್ಜೆಗೆ ಹೆಜ್ಜೆ ಸೇರಿಸಲು ಶಶಿಪ್ರಭಾ ಅರ್ಧ ಓಡಬೇಕಾಯಿತು.

‘ಯಾಕೆ ಸುಳ್ಳು ಹೇಳಿದ್ದು ನೀನು?’

‘ಮತ್ತೆ ಎಂತ ಹೇಳ್ಬೇಕಿತ್ತು?’

‘ನಾನು ಹೇಳ್ತಿದ್ದೆ.’

‘ಇಲ್ಲ. ನೀನು ಹೇಳ್ತಿರ್ಲಿಲ್ಲ.’ ಸ್ವರ್ಣಾ ನಿಲ್ಲಲಿಲ್ಲ, ತಿರುಗಲೂ ಇಲ್ಲ. ‘ಅವತ್ತು ಬ್ಯಾಗಿನಲ್ಲಿ ಇದ್ದದ್ದು ಗೆಜ್ಜೆ ಅಮ್ಮಾ. ಕೀ ಅಲ್ಲ. ನನಗೆ ಗೊತ್ತುಂಟು.’

ಶಶಿಪ್ರಭಾ ದಾರಿಬದಿಯ ಕಾಂಪೌಂಡಿನ ಗೋಡೆಗೆ ಕೈಯಿಟ್ಟಳು. ಒಂದು ವರ್ಷ ಈ ಹುಡುಗಿ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಿಟಕಿಯ ಸರಳು ಹಿಡಿದು ಮೇಲೆ ಕೆಳಗೆ ಆಗುತ್ತಿದ್ದಳೇ? ಅಜ್ಜಿ ಯಾವ ವೇಷ ಎಂದಾಗ, ಮಾತು ಉಂಟಾ ಎಂದಾಗ, ಊಟದ ತಟ್ಟೆ ನೋಡುತ್ತ ಕುಳಿತದ್ದು ಇದಕ್ಕೆಯೇ? ತಾನು ಮಗಳಿಂದ ಅಡಗಿಸಿದೆನೆಂದು ತಿಳಿದದ್ದನ್ನು ಮಗಳು ತನ್ನಿಂದ ಅಡಗಿಸಿದ್ದಳು. ಸುಮ್ಮನಿರುವುದನ್ನು ಅವಳು ಕಲಿತದ್ದು ಯಾವ ಮಿಸ್ಸಿನಿಂದಲೂ ಅಲ್ಲ. ಶಶಿಪ್ರಭಾಳಿಗೆ ಅಳು ಬಂತು, ಆದರೆ ಅಳಲು ಪುರುಸೊತ್ತಿರಲಿಲ್ಲ, ಹುಡುಗಿ ಆಗಲೇ ತಿರುವು ದಾಟಿದ್ದಳು.

ಅಂಗಡಿಯ ಎದುರು ಆಟೋ ನಿಂತಿತ್ತು. ಮೀಟರು ಓಡುತ್ತಿತ್ತು. ಒಳಗೆ ರೊಸಾಲಿನ್ ಬಾಯಿ ಮೇಜಿನ ಮೇಲೆ ಎರಡೂ ಅಂಗೈ ಊರಿ ನಿಂತಿದ್ದರು. ಸಾಹೇಬರ ಮುಂದೆ ಬಿಳಿ ಸ್ಯಾಟಿನಿನ ಥಾನು, ಮಡಿಕೆ ಬಿಚ್ಚದ ನೆಟ್ಟು. ಪಕ್ಕದಲ್ಲೇ ಕತ್ತರಿ.

‘ನನ್ನ ಬಟ್ಟೆ ಕೊಡಿ. ನನಗೆ ಹೊಲಿಸ್ಲಿಕ್ಕಿಲ್ಲ.’

‘ಎಂತ ಆಯ್ತು ಬಾಯಮ್ಮಾ? ನಿನ್ನೆ ಎಲ್ಲ ಬಾಯಿಬಿಟ್ಟು ಹೇಳಿ ಹೋಗಿದ್ದೀರಿ, ಇವತ್ತು ಎಂತ ಇದು?’ ಸಾಹೇಬರಿಗೆ ಸಿಟ್ಟಿಗಿಂತ ಹೆಚ್ಚು ಗಲಿಬಿಲಿ. ತುಟಿಯಲ್ಲಿದ್ದ ಗುಂಡುಸೂಜಿಯನ್ನು ತೆಗೆಯುವುದನ್ನೂ ಮರೆತು ಮಾತಾಡುತ್ತಿದ್ದರು. ‘ನಾನು ಎಂತ ಹಾಳು ಮಾಡಿದ್ದು? ತೋರಿಸಿ, ಯಾರದ್ದು ಹಾಳು ಮಾಡಿದ್ದು?’ ಆಗ ಅವರ ಕಣ್ಣಿಗೆ ಮೆಟ್ಟಿಲಿನಲ್ಲಿ ನಿಂತ ಶಶಿಪ್ರಭಾ ಕಂಡಳು. ಮುಖ ಅರಳಿತು. ‘ಇಗೊಳ್ಳಿ, ಅಕ್ಕನೇ ಬಂದ್ರು. ಅಕ್ಕನನ್ನು ಕೇಳಿ, ಈಗ ತಾನೇ ಕೊಂಡುಹೋಗಿದ್ದಾರೆ ಮಗುವಿನ ಅಂಗಿ.’

ಸ್ವರ್ಣಾ ಅಂಗಿಯನ್ನು ಮೇಜಿನ ಮೇಲೆ ಹಾಕಿದಳು. ಸಾಹೇಬರು ಅದನ್ನು ನೋಡಿದರು, ಹುಡುಗಿಯ ತರಚಿದ ಮೊಣಕಾಲನ್ನು ನೋಡಿದರು, ರೊಸಾಲಿನ್ ಬಾಯಿಯನ್ನು ನೋಡಿದರು. ಏನು ನಡೆದಿದೆ ಎಂದು ಅವರಿಗೆ ನಿಧಾನವಾಗಿ ಅರ್ಥವಾಗುತ್ತಿರುವುದನ್ನು ಶಶಿಪ್ರಭಾ ನಿಂತು ನೋಡಿದಳು. ಅವರು ಗುಂಡುಸೂಜಿ ತೆಗೆದು ಡಬ್ಬಿಗೆ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು. ನೀವೇ ಹೇಳಿದ್ದಲ್ಲವೇ ಅಕ್ಕ ಎಂದು ಕೂಗಿದ್ದರೆ, ಹೌದು ಎಂದು ತಲೆ ತಗ್ಗಿಸಿ ಮುಗಿಸಬಹುದಿತ್ತು. ಅವರು ಸೀಮೆಸುಣ್ಣದ ತುಂಡು ಕೈಗೆತ್ತಿಕೊಂಡು, ಅಂಗಿಯ ಅಂಚನ್ನು ಮೇಜಿನ ಮೇಲೆ ನೇರ ಮಾಡಿದರು.

‘ಎಲ್ಲಿಗೆ ಬರಬೇಕು?’

ಸ್ವರ್ಣಾ ತನ್ನ ತೊಡೆಯ ಮೇಲೆ ಕೈಯಿಟ್ಟು ತೋರಿಸಿದಳು. ಸಾಹೇಬರು ಬೀದಿಯ ಕಡೆ ನೋಡಿದರು.

‘ದೊಡ್ಡವರು ಹೇಳ್ಬೇಕು. ಬಾಯಿಬಿಟ್ಟು ಹೇಳ್ಬೇಕು.’

ಹೊರಗೆ ಆಟೋದವನು ಹಾರ್ನು ಹೊಡೆದ. ರೊಸಾಲಿನ್ ಬಾಯಿ ನೆಟ್ಟಿನ ಮಡಿಕೆಯನ್ನು ಎತ್ತಿ ಎದೆಗವಚಿಕೊಂಡರು. ಇನ್ನೊಂದು ನಿಮಿಷ ಸುಮ್ಮನಿದ್ದರೆ ಅವರು ಹೋಗಿಬಿಡುತ್ತಾರೆ. ಆಮೇಲೆ ಸಾಹೇಬರಿಗೆ ಒಬ್ಬರೇ ಇರುವಾಗ ಏನಾದರೂ ಹೇಳಿದರಾಯಿತು, ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರಾಯಿತು. ಹೀಗೆ ಯೋಚಿಸುತ್ತಿರುವಾಗಲೇ ಅವಳಿಗೆ ಮಗಳು ತನ್ನನ್ನು ನೋಡುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಸ್ವರ್ಣಾ ಗೋಡೆಗೆ ತೂಗಿದ್ದ ಯಾರದೋ ರವಿಕೆಯನ್ನು ನೋಡುತ್ತ, ಬೆನ್ನು ನೆಟ್ಟಗೆ ಮಾಡಿ, ಹಿಮ್ಮಡಿ ಜೋಡಿಸಿ ನಿಂತಿದ್ದಳು. ಅಮ್ಮ ಹೇಳುವುದಿಲ್ಲ ಎಂಬುದು ಅವಳಿಗೆ ಗೊತ್ತೇ ಇತ್ತು. ಇನ್ನೊಮ್ಮೆ ತಾನೇ ಏನಾದರೂ ಹೇಳಿ ಇದನ್ನು ದಾಟಿಸಬೇಕು ಎಂದು ಅವಳು ಸಿದ್ಧವಾಗುತ್ತಿದ್ದಳು. ಹುಡುಗಿಯ ತುಟಿ ಬಿಚ್ಚುವುದು ಕಂಡಿತು.

‘ಮೊಣಕಾಲಿಂದ ಒಂದು ಗೇಣು ಮೇಲೆ,’ ಎಂದಳು ಶಶಿಪ್ರಭಾ.

ಅವಳು ಮೇಜಿನ ಹತ್ತಿರ ಬಂದು ಇನ್ನೊಮ್ಮೆ ಹೇಳಿದಳು. ‘ಒಂದು ಗೇಣು ಮೇಲೆ. ಕೈ ತೆಗೆದುಬಿಡಿ.’ ಆಮೇಲೆ ರೊಸಾಲಿನ್ ಬಾಯಿಯ ಕಡೆ ತಿರುಗಿದಳು. ತಿರುಗಿದ ಮೇಲೆ ನಿಲ್ಲಿಸುವುದು ಸಾಧ್ಯವಾಗಲಿಲ್ಲ. ‘ಸಾಹೇಬ್ರ ತಪ್ಪು ಎಂತದ್ದೂ ಇಲ್ಲ. ಉದ್ದ ಮಾಡ್ಲಿಕ್ಕೆ ಹೇಳಿದ್ದು ನಾನು. ಬೇಡ ಅಂತ ಅವರು ಹೇಳಿದ್ರು, ನಾನೇ ಹಟ ಮಾಡಿದ್ದು. ಅವಳು ನನಗೋಸ್ಕರ ಸುಳ್ಳು ಹೇಳಿದ್ಲು. ನನ್ನ ಅಮ್ಮ ಬರ್ತಾರೆ ನಾಳೆ, ಅವರಿಗೆ ನಾನು ಬೇರೆಯೇ ಹೇಳಿದ್ದೇನೆ. ಪುರಾಣದ್ದು, ರಾಣಿ ಎಲ್ಲ ಇರ್ತಾಳಲ್ಲ, ಅದು ಅಂತ. ನಾನು ಇವಳನ್ನು ಸೇರಿಸಿದ್ದೂ ಅದು ಅಂತಲೇ. ನನಗೆ ಬ್ಯಾಲೆಟ್ ಅಂದ್ರೆ ಎಂತ ಅಂತ ಗೊತ್ತಿರ್ಲಿಲ್ಲ.’

ಕೊನೆಯ ಟಿ ಆ ಸಣ್ಣ ಅಂಗಡಿಯಲ್ಲಿ ಚೆನ್ನಾಗಿ ಕೇಳಿಸಿತು. ಶಶಿಪ್ರಭಾಳಿಗೇ ಕೇಳಿಸಿತು. ಕಿವಿಯವರೆಗೆ ಬಿಸಿಯೇರಿತು. ಸೆರಗು ಜಗ್ಗುವ ಸಣ್ಣ ಕೈಗಾಗಿ ಅವಳು ಕಾದಳು. ರೊಸಾಲಿನ್ ಬಾಯಿ ಅವಳನ್ನೇ ನೋಡುತ್ತಿದ್ದರು. ಅವರಿಗೆ ಏನನಿಸಿತೋ, ಎದೆಗವಚಿದ್ದ ನೆಟ್ಟನ್ನು ಮೆಲ್ಲನೆ ಮೇಜಿನ ಮೇಲೆ ಇಟ್ಟು, ಹೊರಗೆ ಹೋಗಿ ಆಟೋದವನಿಗೆ ಕಾಯಲು ಹೇಳಿ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತರು. ಸಾಹೇಬರು ಗೆರೆ ಎಳೆದರು. ಕತ್ತರಿ ನೆಟ್ಟಿನೊಳಗೆ ಹೊಕ್ಕಿತು. ಬಿಳಿಯ ಪಟ್ಟಿ ಮೇಜಿನಿಂದ ಇಳಿದು ನೆಲಕ್ಕೆ ಬಂತು.

ಸ್ವರ್ಣಾ ಬಗ್ಗಿ ಅದನ್ನು ಎತ್ತಿ, ಮಡಚಿ, ತಾಯಿಯ ಕೈಗೆ ಕೊಟ್ಟಳು.

‘ಅಜ್ಜಿಗೂ ನೀನೇ ಹೇಳು,’ ಎಂದಳು.

‘ಹೇಳ್ತೇನೆ.’

‘ಬ್ಯಾಲೆಟ್ ಅಂತಲೇ ಹೇಳು,’ ಎಂದಳು ಸ್ವರ್ಣಾ, ಟಿಯನ್ನು ಒತ್ತಿ, ರೊಸಾಲಿನ್ ಬಾಯಿಗೆ ಕೇಳಿಸುವ ಹಾಗೆ.